ಇಂಧನ ದರ: ಏರಿಕೆ ತಟ್ಟಿತು, ಇಳಿಕೆ ತಲುಪಲಿಲ್ಲ

ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಹೊಸಕೋಟೆ ಅಥವಾ ಆನೇಕಲ್ ಕಡೆಯಿಂದ ಬೆಂಗಳೂರಿಗೆ ಬರುವ ದಾರಿಯ ಯಾವುದಾದರೂ ಪೆಟ್ರೋಲ್ ಬಂಕ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ, ದ್ವಿಚಕ್ರ ವಾಹನದವರಲ್ಲಿ ಲೀಟರ್ ಲೆಕ್ಕದಲ್ಲಿ ಕೇಳುವವರು ಕಡಿಮೆ ಎಂಬುದು ತಿಳಿಯುತ್ತದೆ. ‘ನೂರಕ್ಕೆ ಹಾಕಿ’, ‘ಇನ್ನೂರಕ್ಕೆ ಹಾಕಿ’ ಎನ್ನುವವರೇ ಹೆಚ್ಚು. ದರ ಏರಿದ ದಿನವೂ ಅವರು ಕೊಡುವುದು ಅಷ್ಟೇ ಹಣ. ಆದರೆ ಟ್ಯಾಂಕ್ ಬೇಗ ಬರಿದಾಗುತ್ತದೆ, ತಿಂಗಳ ಕೊನೆಯ ವಾರದಲ್ಲಿ ಇನ್ನೊಂದು ನೂರು ಹೊಂದಿಸಬೇಕಾಗುತ್ತದೆ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಹೆಚ್ಚಿ ಬೆಂಗಳೂರಿನಲ್ಲಿ ಪೆಟ್ರೋಲ್ 102 ರೂಪಾಯಿ ದಾಟಿದಾಗ, ನೂರರ ನೋಟಿಗೆ ಮತ್ತೆ ಪೂರ್ತಿ ಒಂದು ಲೀಟರ್ ಕೂಡ ಸಿಗದಂತಾಯಿತು.

ದಶಕಗಳ ಕಾಲ ಇಂಧನದ ಬೆಲೆಯನ್ನು ಸರ್ಕಾರವೇ ಗೊತ್ತುಪಡಿಸುತ್ತಿತ್ತು. ಕಾಗದದ ಮೇಲೆ ಆ ವ್ಯವಸ್ಥೆ 2002ರಲ್ಲಿ ಮುಗಿದರೂ ಹಿಡಿತ ಸಡಿಲವಾದದ್ದು ನಿಧಾನವಾಗಿ. 2010ರ ಜೂನ್‌ನಲ್ಲಿ ಪೆಟ್ರೋಲ್, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಮಾರುಕಟ್ಟೆ ದರಕ್ಕೆ ಒಳಪಟ್ಟವು. 2017ರ ಜೂನ್ 16ರಿಂದ ದೇಶದಾದ್ಯಂತ ದಿನನಿತ್ಯ ದರ ಪರಿಷ್ಕರಣೆ ಜಾರಿಗೆ ಬಂತು. ಕಚ್ಚಾ ತೈಲದಲ್ಲಿ ಶೇಕಡ 85ಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶದಲ್ಲಿ, ಹೊರಗಿನ ಬೆಲೆ ಏರಿದರೆ ನಾವು ಹೆಚ್ಚು ಕೊಡಬೇಕು, ಇಳಿದರೆ ಕಡಿಮೆ ಕೊಡಬೇಕು ಎಂಬುದು ಈ ಬದಲಾವಣೆಯ ಹಿಂದಿನ ತರ್ಕವಾಗಿತ್ತು.

ಆ ತರ್ಕದ ಎರಡನೆಯ ಅರ್ಧ ನಡೆಯಲಿಲ್ಲ ಎಂಬುದನ್ನು ತಿಳಿಯಲು 2014ರಿಂದ 2022ರವರೆಗಿನ ಅವಧಿಯನ್ನು ಬಿಡಿಸಿ ನೋಡಬೇಕು. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಕಚ್ಚಾ ತೈಲ 2016ರ ಜನವರಿಯ ಹೊತ್ತಿಗೆ 30 ಡಾಲರ್ ಆಸುಪಾಸಿಗೆ ಕುಸಿಯಿತು. ಅದೇ ಅವಧಿಯಲ್ಲಿ ಇಂಧನದ ಮೇಲೆ ಕೇಂದ್ರ ಸರ್ಕಾರ ಹಾಕುವ ಅಬಕಾರಿ ಸುಂಕ ಒಂಬತ್ತು ಸಲ ಏರಿ, ಪೆಟ್ರೋಲ್ ಮೇಲೆ ಲೀಟರಿಗೆ 9.48 ರೂಪಾಯಿ ಇದ್ದದ್ದು 21.48ಕ್ಕೂ, ಡೀಸೆಲ್ ಮೇಲೆ 3.56 ಇದ್ದದ್ದು 17.33ಕ್ಕೂ ತಲುಪಿತು. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಅವು ಕ್ರಮವಾಗಿ 32.98 ಮತ್ತು 31.83 ಆದವು. ಬೊಕ್ಕಸ ಬರಿದಾಗಿದ್ದ ಹೊತ್ತಿನಲ್ಲಿ ಆದಾಯಕ್ಕೆ ಬೇರೆ ದಾರಿ ಕಡಿಮೆ ಇತ್ತೆಂಬುದು ನಿಜ. ಆದರೆ ಆ ಹೊರೆಯನ್ನು ಹೊತ್ತವರಲ್ಲಿ ಸಂಬಳ ಅರ್ಧವಾದರೂ ಕೆಲಸಕ್ಕೆ ಹೋಗಲೇಬೇಕಾದವರು ಇದ್ದರೆಂಬುದೂ ಅಷ್ಟೇ ನಿಜ. ಮರುವರ್ಷ ಕಚ್ಚಾ ತೈಲ ಮತ್ತೆ ದುಬಾರಿಯಾದಾಗ ಏರಿದ ಸುಂಕ ಹಾಗೆಯೇ ಇತ್ತು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಸುಂಕ ಇಳಿಯಿತು, ನವೆಂಬರ್‌ನಲ್ಲಿ ರಾಜ್ಯವೂ ಏಳು ರೂಪಾಯಿ ಬಿಟ್ಟುಕೊಟ್ಟಿತು. ಆ ಎರಡು ಇಳಿಕೆಗಳ ನಡುವೆ, ಐದು ರಾಜ್ಯಗಳ ಚುನಾವಣೆಯ ಕಾಲದಲ್ಲಿ, ‘ದಿನನಿತ್ಯ’ದ ದರ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅಲುಗಾಡದೆ ನಿಂತು, 2022ರ ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಹತ್ತು ರೂಪಾಯಿ ಏರಿತು.

ಪೆಟ್ರೋಲ್, ಡೀಸೆಲ್ ಇಂದಿಗೂ ಜಿಎಸ್‌ಟಿಯ ಹೊರಗಿವೆ. ಅಬಕಾರಿ ಸುಂಕ ಕೇಂದ್ರದ್ದು, ಮಾರಾಟ ತೆರಿಗೆ ರಾಜ್ಯದ್ದು. ಒಬ್ಬರು ಇಳಿಸಿದ್ದನ್ನು ಇನ್ನೊಬ್ಬರು ಏರಿಸಲು ಅಡ್ಡಿಯೇನೂ ಇಲ್ಲ. ಎರಡೂ ಕಡೆ ಅದು ನೆಚ್ಚಿನ ಆದಾಯ.

ಬಸ್ಸಿನವರ ಪಾಡು ಬೇರೆ ಬಗೆಯದು. ಸಾರಿಗೆ ನಿಗಮಗಳು ಡೀಸೆಲ್ ಏರಿಕೆಯನ್ನು ಕೂಡಲೇ ಟಿಕೆಟ್‌ಗೆ ಸೇರಿಸುವುದಿಲ್ಲ. ವರ್ಷಗಟ್ಟಲೆ ನಷ್ಟ ನುಂಗಿ, ನಂತರ ಒಟ್ಟಿಗೆ ವಸೂಲು ಮಾಡುತ್ತವೆ. 2025ರ ಜನವರಿ 5ರಂದು ನಾಲ್ಕೂ ನಿಗಮಗಳ ದರ ಶೇಕಡ 15ರಷ್ಟು ಏರಿದ್ದು ಹೀಗೆಯೇ. ಬಿಎಂಟಿಸಿ ದರ 2015ರ ನಂತರ ಪರಿಷ್ಕರಣೆಯಾಗಿರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದದ್ದು ದೊಡ್ಡ ಆಸರೆಯೇ ಸರಿ. ಆದರೆ ಬಸ್ ಸಮಯಕ್ಕೆ ಬಾರದ ಊರಿನ ಗಾರ್ಮೆಂಟ್ಸ್ ಕಾರ್ಮಿಕಳು ಟೆಂಪೊ, ಶೇರ್ ಆಟೊಗಳನ್ನೇ ನಂಬಬೇಕು. ಮೀಟರ್ ಆಟೊಗಳ ಕನಿಷ್ಠ ದರವನ್ನು ಆಡಳಿತ ಗೊತ್ತುಪಡಿಸುತ್ತದೆ, 2025ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಅದು 30ರಿಂದ 36 ರೂಪಾಯಿಗೆ ಏರಿತು. ಶೇರ್ ಆಟೊದ ದರ ಮಾತ್ರ ಚಾಲಕ ಹೇಳಿದ್ದೇ. ಡೀಸೆಲ್ ಏರಿತೆಂದು ಹತ್ತು ಇದ್ದದ್ದು ಹದಿನೈದಾಗುವುದನ್ನು ಹಲವು ಸಲ ನೋಡಿದ್ದೇನೆ. ಆ ಹದಿನೈದು ಮತ್ತೆ ಹತ್ತಕ್ಕೆ ಮರಳಿದ್ದನ್ನು ಒಮ್ಮೆಯೂ ಕಂಡಿಲ್ಲ.