ಎರಡೇ ಶಾಯಿಯಲ್ಲಿ ಇಡೀ ರಾತ್ರಿ: ಹಳೆಯ ಹ್ಯಾಲೋವೀನ್ ಚಿತ್ರಗಳನ್ನು ನೋಡುವ ಬಗೆ

ಅಮೆರಿಕದ ಹಳೆಯ ಮಕ್ಕಳ ಪತ್ರಿಕೆಯ ಅಕ್ಟೋಬರ್ ಸಂಚಿಕೆ ಕಣ್ಣಿಗೆ ಬಿದ್ದರೆ ಮೊದಲು ಬಣ್ಣ ಎಣಿಸಿ. ಮುಖಪುಟ ಬಿಡಿ, ಅದಕ್ಕೆ ಬಣ್ಣ ಜಾಸ್ತಿ. ಒಳಪುಟಗಳಲ್ಲಿ ಎಷ್ಟೋ ಸಲ ಎರಡೇ ಶಾಯಿ: ಕಪ್ಪು ಮತ್ತು ಕಿತ್ತಳೆ. ಮೂರನೆಯ ಬಣ್ಣ ಕಾಗದದ್ದೇ. ಕತ್ತಲು, ಚಂದ್ರ, ದೀಪ, ಭಯ, ನಗು ಎಲ್ಲವೂ ಇಷ್ಟರಲ್ಲೇ ಬರಬೇಕು. ಈ ಚಿತ್ರಗಳ ಸೊಗಸು ಹುಟ್ಟಿದ್ದೇ ಈ ಇಕ್ಕಟ್ಟಿನಲ್ಲಿ ಅಂತ ನನಗನ್ನಿಸುತ್ತದೆ.

ಹ್ಯಾಲೋವೀನ್ ಹಬ್ಬದ ಹಿನ್ನೆಲೆ ಎರಡು ಮಾತಲ್ಲಿ ಮುಗಿಸೋಣ. ಅಕ್ಟೋಬರ್ 31ರ ಈ ಆಚರಣೆಯನ್ನು ಐರ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ವಲಸೆ ಹೋದವರು ಅಮೆರಿಕಕ್ಕೆ ಒಯ್ದರು. ತಮ್ಮೂರಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಹೊಸ ನೆಲದಲ್ಲಿ ದಪ್ಪನೆಯ ಸಿಹಿಗುಂಬಳ ಸಿಕ್ಕಿತು.

ಈಗ ಎರಡು ಶಾಯಿಯ ಪುಟಗಳಿಗಿಂತ ಹಿಂದಿನ ಕಾಲ. ‘ಸೇಂಟ್ ನಿಕೊಲಸ್’ ಎಂಬ ಮಕ್ಕಳ ಮಾಸಿಕ 1873ರ ನವೆಂಬರಿನಲ್ಲಿ ಶುರುವಾಯಿತು. ಮೇರಿ ಮೇಪ್ಸ್ ಡಾಜ್ ಅದರ ಸಂಪಾದಕಿ. ಆಗಿನ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೆತ್ತುತ್ತಿದ್ದರು. ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿಡಿ. ಕೆತ್ತದೆ ಬಿಟ್ಟ ಮರ ಕಪ್ಪಾಗಿ ಅಚ್ಚಾಗುತ್ತದೆ, ಕೆತ್ತಿ ತೆಗೆದ ಜಾಗ ಬೆಳ್ಳಗೆ ಉಳಿಯುತ್ತದೆ. ಅಂದರೆ ಕೆತ್ತುವವರು ಪೂರ್ತಿ ಕತ್ತಲಿಂದ ಶುರು ಮಾಡಿ, ಒಂದೊಂದೇ ಗೀರು ಹಾಕುತ್ತಾ ಬೆಳಕು ತರುತ್ತಿದ್ದರು. ಕುಂಬಳಕಾಯಿಗೆ ಕಣ್ಣು ಕೊರೆಯುವ ಹುಡುಗ ಮಾಡುವುದೂ ಇದನ್ನೇ ಅಲ್ವಾ?

ಎರಡು ಬಣ್ಣದ ಚಿತ್ರದ ಕೆಲಸ ಬೇರೆ ಥರ. ಕಲಾವಿದರು ದಪ್ಪ ಕಾಗದದ ಮೇಲೆ ಕಪ್ಪು ಭಾಗವನ್ನು ಬರೆಯುತ್ತಿದ್ದರು. ಅದರ ಮೇಲೊಂದು ಪಾರದರ್ಶಕ ಹಾಳೆ ಅಂಟಿಸಿ, ಕಿತ್ತಳೆ ಬರಬೇಕಾದ ಜಾಗವನ್ನು ಅದರಲ್ಲಿ ತುಂಬುತ್ತಿದ್ದರು. ತುಂಬುತ್ತಿದ್ದದ್ದು ಕಪ್ಪು ಬಣ್ಣದಿಂದಲೇ! ಕ್ಯಾಮೆರಾ ಎರಡನ್ನೂ ಬೇರೆ ಬೇರೆ ತೆಗೆದು, ಬಣ್ಣಕ್ಕೊಂದರಂತೆ ಎರಡು ಅಚ್ಚಿನ ಪ್ಲೇಟ್ ಮಾಡಬೇಕು, ಅದಕ್ಕೆ ಕಪ್ಪೇ ಚೆನ್ನಾಗಿ ಹಿಡಿಯುವುದು. ಹಾಗಾಗಿ ಬರೆಯುವವರ ಕಣ್ಣಮುಂದೆ ಕಿತ್ತಳೆ ಇರುತ್ತಲೇ ಇರಲಿಲ್ಲ. ದೀಪದ ಬೆಳಕನ್ನು ಮನಸ್ಸಿನಲ್ಲೇ ನೋಡಿಕೊಂಡು ಬರೆಯಬೇಕಿತ್ತು. ಇದು ಗೊತ್ತಾದ ಮೇಲೆ ನಾನು ಆ ಪುಟಗಳನ್ನು ನೋಡುವ ರೀತಿಯೇ ಬದಲಾಯಿತು.

ಬೆನ್ನು ಬಿಲ್ಲಾಗಿಸಿ ನಿಂತ ಕಪ್ಪು ಬೆಕ್ಕು, ಹಿಂದೆ ದೊಡ್ಡ ಕಿತ್ತಳೆ ಚಂದ್ರ. ಈ ಚಿತ್ರವನ್ನೇ ತಗೊಳ್ಳಿ. ಚಂದ್ರನನ್ನು ಇಡಿಯಾಗಿ ಅಚ್ಚು ಹಾಕಿ ಮೇಲೆ ಬೆಕ್ಕನ್ನು ಒತ್ತಿದರೆ ಸಾಕು, ಕಪ್ಪು ಕಿತ್ತಳೆಯನ್ನು ಮುಚ್ಚಿಬಿಡುತ್ತದೆ. ಕಾಗದ ಒಂದು ಕೂದಲಷ್ಟು ಜರುಗಿದರೂ ಗೊತ್ತಾಗುವುದಿಲ್ಲ. ಬಾವಲಿ, ಬೋಳು ಮರ, ಪೊರಕೆ ಏರಿದ ಮಾಟಗಾತಿ ಎಲ್ಲಕ್ಕೂ ಇದೇ ಅನುಕೂಲ. ಗೆರೆಯೊಳಗೆ ಬಣ್ಣ ತುಂಬಿದ ಕುಂಬಳಕಾಯಿಗೆ ಮಾತ್ರ ಈ ರಕ್ಷಣೆ ಇಲ್ಲ. ಎಷ್ಟೋ ಪ್ರತಿಗಳಲ್ಲಿ ಕಿತ್ತಳೆ ಒಂದು ಕಡೆ ಗೆರೆ ದಾಟಿರುತ್ತದೆ, ಇನ್ನೊಂದು ಕಡೆ ಬಿಳಿ ಎಳೆ ಉಳಿದಿರುತ್ತದೆ. ಪ್ರೆಸ್ಸಿನವರು ಇದಕ್ಕೆ ರಿಜಿಸ್ಟರ್, ಅಂದರೆ ಎರಡು ಬಣ್ಣಗಳ ಹೊಂದಿಕೆ, ತಪ್ಪಿದೆ ಅನ್ನುತ್ತಾರೆ. ನನಗಂತೂ ಆ ತಪ್ಪು ಇಷ್ಟ. ಕಾಯಿಯೊಳಗೆ ದೀಪ ಅಲ್ಲಾಡಿದ ಹಾಗೆ ಕಾಣುತ್ತದೆ.

ಚಿತ್ರದ ಕಾಲ ಊಹಿಸಲು ಮಕ್ಕಳ ಕೈ ನೋಡಿ. ನೀರಲ್ಲಿ ತೇಲುವ ಸೇಬಿಗೆ ಬಾಯಿ ಹಾಕುವ ಆಟ ತುಂಬ ಹಳೆಯದು. ಚೀಲ ಹಿಡಿದು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ‘ಟ್ರಿಕ್ ಆರ್ ಟ್ರೀಟ್’ 1930ರ ದಶಕದಲ್ಲೇ ಅಲ್ಲಲ್ಲಿ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ರೇಷನ್ ಬಂತು. ಅದು ಮುಗಿದದ್ದು 1947ರ ಜೂನಿನಲ್ಲಿ. ಅದೇ ವರ್ಷದ ಅಕ್ಟೋಬರ್ ಸಂಚಿಕೆಯಲ್ಲಿ ‘ಜ್ಯಾಕ್ ಅಂಡ್ ಜಿಲ್’ ಎಂಬ ಮಕ್ಕಳ ಪತ್ರಿಕೆ ಮಿಠಾಯಿ ಕೇಳುವ ಈ ಪದ್ಧತಿಗೆ ಜಾಗ ಕೊಟ್ಟಿತು. ಮಕ್ಕಳ ಕೈಯಲ್ಲಿ ಚೀಲ ಕಂಡರೆ ಚಿತ್ರ ಯುದ್ಧದ ನಂತರದ್ದು ಇರಬಹುದು. ಇದು ಸುಳಿವು ಮಾತ್ರ, ಸಾಕ್ಷಿ ಅಲ್ಲ.

ಒಮ್ಮೆ ನೀವೇ ಬರೆದು ನೋಡಿ. ಬಿಳಿ ಹಾಳೆ, ಕಪ್ಪು ಪೆನ್ನು, ಒಂದು ಕಿತ್ತಳೆ ಪೆನ್ಸಿಲ್ ಸಾಕು. ಬೇಲಿ ಬರುತ್ತದೆ, ಬೆಕ್ಕೂ ಬರುತ್ತದೆ. ಚಂದ್ರನನ್ನು ಬಿಳಿ ಬಿಡುವುದೋ ಕಿತ್ತಳೆ ಮಾಡುವುದೋ ಅನ್ನುವಲ್ಲಿ ಕೈ ತಡೆದು ನಿಲ್ಲುತ್ತದೆ.