ಕಣದ ಕ್ಯಾಮೆರಾ ಮೊಬೈಲಲ್ಲಿ ಯಾಕೆ ಕಾಣಲ್ಲ?

ಡಿಸೆಂಬರ್ ಬಂತು ಅಂದ್ರೆ ಕೊಡಗಲ್ಲಿ ಕಾಫಿ ಕೊಯ್ಲು, ನಮ್ಮಂಥ ನೆಟ್‌ವರ್ಕ್ ಕೆಲಸದವ್ರಿಗೆ ಫೋನ್ ಮೇಲೆ ಫೋನು. ಕಣದಲ್ಲಿ ಒಣಗ್ತಿರೋ ಕಾಫಿ ಕಾಯೋಕೆ ಕ್ಯಾಮೆರಾ ಹಾಕ್ಸಿರ್ತಾರೆ, ಬಂಗ್ಲೆ ಟಿವಿಲಿ ಚೆನ್ನಾಗೇ ಬರುತ್ತೆ, ಸಾಹುಕಾರ್ರು ಮಡಿಕೇರಿಗೆ ಹೋಗಿ ಮೊಬೈಲ್ ತೆಗೆದ್ರೆ ಆಫ್‌ಲೈನ್. ಎಲ್ರೂ ಇಂಟರ್ನೆಟ್ಟಿಗೆ ಬೈತಾರೆ, ಸೆಟ್ಟಿಂಗಲ್ಲಿ ಸಬ್‌ನೆಟ್ ಮಾಸ್ಕ್ ಅಂತ ಒಂದು ಸಾಲಿದೆಯಲ್ಲ ಅದನ್ನ ಯಾರೂ ನೋಡಲ್ಲ.

ಐಪಿವಿ4 ಅಡ್ರೆಸ್ (ನೆಟ್‌ವರ್ಕಲ್ಲಿ ಡಿವೈಸಿನ ವಿಳಾಸದ ನಂಬರ್) ಅಂದ್ರೆ 32 ಬಿಟ್, ಅಂದ್ರೆ 0 ಇಲ್ಲಾ 1 ಇರೋ 32 ಜಾಗ, ಎಂಟೆಂಟರ ನಾಲ್ಕು ಭಾಗ, ಅದಕ್ಕೇ ಯಾವ ನಂಬರೂ 255 ದಾಟಲ್ಲ. ಮುಂದಿನ ಎಷ್ಟು ಬಿಟ್ ನೆಟ್‌ವರ್ಕ್‌ದು, ಉಳಿದದ್ದು ಎಷ್ಟು ಡಿವೈಸ್‌ದು ಅಂತ ಹೇಳೋದೇ ಮಾಸ್ಕ್. 255.255.255.0 ಅಂದ್ರೆ ಮುಂದಿನ 24 ಬಿಟ್ ನೆಟ್‌ವರ್ಕ್‌ದು, ಅದನ್ನೇ ಸ್ಲ್ಯಾಶ್ 24 ಅಂತಾರೆ, ಒಟ್ಟು 256 ನಂಬರ್, ಮೊದಲ್ನೇದು ನೆಟ್‌ವರ್ಕಿಗೆ, ಕೊನೇದು ಬ್ರಾಡ್‌ಕಾಸ್ಟಿಗೆ (ಎಲ್ಲಾ ಡಿವೈಸಿಗೂ ಒಟ್ಟಿಗೆ ಕಳ್ಸೋಕೆ) ಹೋಗಿ ಡಿವೈಸ್‌ಗಳಿಗೆ 254 ಸಿಗುತ್ತೆ.

ಈಗ ಕ್ಯಾಮೆರಾ ವಿಡಿಯೋ ಸೇರೋ ಇಂಥ ಒಂದು ರೆಕಾರ್ಡರ್ ತಗೊಳ್ಳಿ: ಐಪಿ 192.168.1.70, ಮಾಸ್ಕ್ 255.255.255.192, ಗೇಟ್‌ವೇ, ಅಂದ್ರೆ ಹೊರಗೆ ಹೋಗೋ ಬಾಗಿಲಾದ ರೌಟರ್, 192.168.1.1. ಹೋಮ್‌ಸ್ಟೇ ಗೆಸ್ಟ್‌ಗಳಿಂದ ಕ್ಯಾಮೆರಾ ಬೇರೆ ಇರ್ಲಿ ಅಂತ ಯಾರೋ ಅರ್ಧ ಕಲ್ತು ಮಾಡಿರೋದು. ಕೊನೇಲಿ 192 ಬಂದ್ರೆ ಇನ್ನೆರಡು ಬಿಟ್ ನೆಟ್‌ವರ್ಕಿಗೆ ಹೋಯ್ತು, ಸ್ಲ್ಯಾಶ್ 26 ಆಯ್ತು, ಅಂದ್ರೆ 64ರ ನಾಲ್ಕು ತುಂಡು: 0ರಿಂದ 63, 64ರಿಂದ 127, 128ರಿಂದ 191, 192ರಿಂದ 255. 70 ಇರೋದು ಎರಡನೇ ತುಂಡಲ್ಲಿ, ಗೇಟ್‌ವೇ 1 ಇರೋದು ಮೊದಲ್ನೇದ್ರಲ್ಲಿ. ಹೊರಗೆ ಹೋಗ್ಬೇಕಾದ್ರೆ ಗೇಟ್‌ವೇ ಬೇಕು, ಆ ಗೇಟ್‌ವೇನೇ ಹೊರಗಿದೆ, ರೆಕಾರ್ಡರ್ ಅಲ್ಲೇ ಕೂತ್ಬಿಡುತ್ತೆ. ಕೆಲವು ಡಿವೈಸ್ ಇಂಥದ್ದನ್ನ ಸೇವ್ ಮಾಡೋಕೇ ಬಿಡಲ್ಲ, ಕೆಲವು ಸುಮ್ನೆ ಒಪ್ಕೊಂಡು ಆಮೇಲೆ ತಲೆ ತಿನ್ನುತ್ತೆ.

ಅಣ್ಣತಮ್ಮಂದ್ರು ತೋಡು ನೋಡ್ಕೊಂಡು ತೋಟ ಪಾಲು ಮಾಡ್ಕೊಂಡಂಗೆ ಇಲ್ಲಿ ಗಡಿ ಹಾಕೋಕಾಗಲ್ಲ. ತುಂಡಿನ ಅಳತೆ 32, 64, 128 ಹೀಗೇ ಇರ್ಬೇಕು, ಶುರುವಾಗೋದೂ ಅದೇ ಅಳತೆಯ ಲೆಕ್ಕದಲ್ಲೇ, 64ರ ತುಂಡು 70ರಿಂದ ಶುರುವಾಗಲ್ಲ.

ನನ್ನ ಕೇಳಿದ್ರೆ ಹೋಮ್‌ಸ್ಟೇಗೆ ಇಷ್ಟು ಕತ್ತರಿಸೋ ಕೆಲಸನೇ ಬೇಡ. 192.168 ಅಂತ ಶುರುವಾಗೋದೆಲ್ಲ ಪ್ರೈವೇಟ್, ಅಂದ್ರೆ ಒಳಗಿನ ಬಳಕೆಗೆ, ಯಾರ ಪರ್ಮಿಷನ್ನೂ ಬೇಡ, ಅದ್ರಲ್ಲಿ ಸ್ಲ್ಯಾಶ್ 24 ನೆಟ್‌ವರ್ಕ್ 256 ಇದೆ. ಕ್ಯಾಮೆರಾಗೆ 192.168.10, ಗೆಸ್ಟಿಗೆ 192.168.20, ಬಿಲ್ಲಿಂಗ್ ಕಂಪ್ಯೂಟರಿಗೆ 192.168.30 ಕೊಡಿ, ನೋಡಿದ ತಕ್ಷಣ ಯಾವ್ದು ಏನು ಅಂತ ಗೊತ್ತಾಗುತ್ತೆ. ರೌಟರಲ್ಲೂ ಪ್ರತಿಯೊಂದಕ್ಕೂ ಒಂದೊಂದು ಗೇಟ್‌ವೇ ಐಪಿ ಕೊಡ್ಬೇಕು, ಕ್ಯಾಮೆರಾಗೆ 192.168.10.1 ಅನ್ನೋ ಹಾಗೆ.

ಆದ್ರೆ ನಂಬರ್ ಬೇರೆ ಮಾಡಿದ್ ಮಾತ್ರಕ್ಕೆ ಸೇಫ್ ಅಲ್ಲ ಮಾರಾಯ್ರೆ. ಎಲ್ಲಾ ಕೇಬಲ್ಲೂ ಒಂದೇ ಸಾದಾ ಸ್ವಿಚ್ಚಿಗೆ (ನೆಟ್‌ವರ್ಕ್ ಕೇಬಲ್ ಸೇರಿಸೋ ಡಬ್ಬಿಗೆ) ಚುಚ್ಚಿದ್ರೆ, ಗೆಸ್ಟ್ ಒಬ್ಬ ತನ್ನ ಲ್ಯಾಪ್‌ಟಾಪಿಗೆ ಕೈಯಾರೆ 192.168.10.50 ಅಂತ ಟೈಪ್ ಮಾಡಿ ಕ್ಯಾಮೆರಾ ಪಕ್ಕದಲ್ಲೇ ಬಂದು ಕೂರ್ಬಹುದು. ವಿಲ್ಯಾನ್ (ಒಂದೇ ಸ್ವಿಚ್ಚನ್ನ ಬೇರೆ ಬೇರೆ ಸ್ವಿಚ್ ಥರ ಭಾಗ ಮಾಡೋದು) ಇರೋ ಸ್ವಿಚ್ ತಗೊಳ್ಳಿ, ಗೆಸ್ಟಿಂದ ಕ್ಯಾಮೆರಾ ಕಡೆ ಹೋಗೋದನ್ನ ರೌಟರಲ್ಲಿ ಬ್ಲಾಕ್ ಮಾಡ್ಸಿ.