ಸರ್ವಾಧಿಕಾರ ಬಂದದ್ದು ಗೆಜೆಟ್ ಮೂಲಕ

ಹಿಟ್ಲರ್ ಸಂವಿಧಾನವನ್ನು ಹರಿದು ಬಿಸಾಡಿದ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಆಫೀಸಿಗೆ ಬರುವ ಜೂನಿಯರ್‌ಗಳೂ ಹಾಗೇ ಹೇಳುತ್ತಾರೆ. ಅವನು ಹರಿಯಲೇ ಇಲ್ಲ. ಜರ್ಮನಿಯ 1919ರ ಸಂವಿಧಾನವನ್ನು, ಅಂದರೆ ವೈಮರ್ ಸಂವಿಧಾನವನ್ನು, ನಾಜಿಗಳು ಕೊನೆಯವರೆಗೂ ರದ್ದು ಮಾಡಲಿಲ್ಲ. ಅದರಲ್ಲೇ ಇದ್ದ ಕಲಂಗಳನ್ನು ಹಿಡಿದುಕೊಂಡೇ ಕೆಲಸ ಮುಗಿಸಿದರು. ವಕೀಲನಾದ ನನಗೆ ಈ ಕಥೆಯಲ್ಲಿ ಜಾಸ್ತಿ ಭಯ ಹುಟ್ಟಿಸುವುದು ಅದೇ.

ಮೊದಲ ಮಹಾಯುದ್ಧದಲ್ಲಿ ಸೋಲು, ವರ್ಸೈಲ್ಸ್ ಒಪ್ಪಂದದ ಅವಮಾನ, ಹಣದುಬ್ಬರ, 1932ರ ಹೊತ್ತಿಗೆ ಸುಮಾರು 60 ಲಕ್ಷ ನಿರುದ್ಯೋಗಿಗಳು. ಶಾಲೆಯಲ್ಲಿ ಎಲ್ಲರೂ ಓದಿದ ಕಾರಣಗಳು, ಎಲ್ಲವೂ ನಿಜ. ಆದರೆ ಹಸಿದ ಜನ ಸಿಟ್ಟಾಗುವುದಕ್ಕೂ ಇಡೀ ದೇಶ ಒಬ್ಬನ ಕೈಗೆ ಹೋಗುವುದಕ್ಕೂ ನಡುವೆ ಒಂದಷ್ಟು ಕಾಗದಪತ್ರ ಇರುತ್ತದೆ. ನಾನು ಹೇಳಲು ಹೊರಟದ್ದು ಅದರ ಬಗ್ಗೆ.

ವೈಮರ್ ಸಂವಿಧಾನದ 48ನೇ ಕಲಂ ಹೀಗಿತ್ತು. ದೇಶದಲ್ಲಿ ಶಾಂತಿ, ಸುವ್ಯವಸ್ಥೆ ತೀರಾ ಹದಗೆಟ್ಟರೆ ಅಧ್ಯಕ್ಷರು ಅಗತ್ಯ ಕ್ರಮ ತೆಗೆದುಕೊಳ್ಳಬಹುದು, ಸೈನ್ಯವನ್ನೂ ಇಳಿಸಬಹುದು, ಏಳು ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿ ಇಡಬಹುದು. ಸಂಸತ್ತು, ಅಂದರೆ ರೈಖ್‌ಸ್ಟಾಗ್, ಬೇಡ ಅಂದರೆ ಆ ಆದೇಶ ವಾಪಸ್ ಹೋಗಬೇಕು. ಓದಿದರೆ ಅಂಥ ತಪ್ಪೇನೂ ಕಾಣುವುದಿಲ್ಲ, ಅಲ್ವಾ? ಬೇಡ ಅನ್ನುವ ಅಧಿಕಾರ ಸಂಸತ್ತಿಗೇ ಇದೆ. ಆದರೆ 25ನೇ ಕಲಂ ಪ್ರಕಾರ ಆ ಸಂಸತ್ತನ್ನೇ ವಿಸರ್ಜಿಸುವ ಅಧಿಕಾರ ಅಧ್ಯಕ್ಷರಿಗೆ ಇತ್ತು. ಎರಡು ಕಲಂಗಳನ್ನೂ ಜೊತೆಗಿಟ್ಟು ಓದಿದಾಗಲೇ ಗೊತ್ತಾಗುವುದು, ಆ ಬ್ರೇಕಿನ ತಂತಿ ಡ್ರೈವರ್ ಕೈಯಲ್ಲೇ ಇತ್ತು ಅಂತ.

1930ರ ಜುಲೈನಲ್ಲಿ ಆದದ್ದೇ ಅದು. ಚಾನ್ಸೆಲರ್ (ನಮ್ಮ ಪ್ರಧಾನಿ ಇದ್ದ ಹಾಗೆ) ಬ್ರೂನಿಂಗ್ ತಂದ ಹಣಕಾಸಿನ ಮಸೂದೆಗೆ ಬಹುಮತ ಸಿಗಲಿಲ್ಲ. ಅದನ್ನೇ 48ನೇ ಕಲಂ ಅಡಿ ಆದೇಶವಾಗಿ ಹೊರಡಿಸಿದರು. ರೈಖ್‌ಸ್ಟಾಗ್ ಬೇಡ ಅಂದಿತು. ಅಧ್ಯಕ್ಷ ಹಿಂಡೆನ್‌ಬರ್ಗ್ ರೈಖ್‌ಸ್ಟಾಗನ್ನೇ ವಿಸರ್ಜಿಸಿದ. ಸೆಪ್ಟೆಂಬರಿನಲ್ಲಿ ಚುನಾವಣೆ ನಡೆಯಿತು. 12 ಸ್ಥಾನ ಇದ್ದ ನಾಜಿ ಪಕ್ಷ 107ಕ್ಕೆ ಏರಿತು.

ಗಲಭೆ ತಡೆಯಲು ಅಂತ ಇಟ್ಟ ಕಲಂ ಬಜೆಟ್ ಪಾಸು ಮಾಡುವ ಕಲಂ ಆಗಿಹೋಯಿತು. 1932ರಲ್ಲಿ ರೈಖ್‌ಸ್ಟಾಗ್ ಪಾಸು ಮಾಡಿದ ಕಾಯ್ದೆಗಳು ಬರೀ 5. ತುರ್ತು ಆದೇಶಗಳು ಅದರ ಹತ್ತು ಪಟ್ಟಿಗೂ ಜಾಸ್ತಿ. ಇದೆಲ್ಲ ನಡೆದದ್ದು ಹಿಟ್ಲರ್ ಬರುವ ಮೊದಲು, ಅವನ ಪಕ್ಷದವರಲ್ಲದವರ ಕೈಯಲ್ಲಿ. ನನ್ನನ್ನು ಕೇಳಿದರೆ ಜರ್ಮನಿಯ ಪ್ರಜಾಪ್ರಭುತ್ವ ಹೋದದ್ದು 1933ರಲ್ಲಿ ಅಲ್ಲ, ಈ ಎರಡೂವರೆ ವರ್ಷಗಳಲ್ಲಿ. ಸಂಸತ್ತು ಇಲ್ಲದೆಯೂ ಸರ್ಕಾರ ನಡೆಯುತ್ತದೆ ಅನ್ನುವುದು ಅಧಿಕಾರಿಗಳಿಗೆ, ಜಡ್ಜುಗಳಿಗೆ, ಪತ್ರಿಕೆ ಓದುವವರಿಗೆ ಎಲ್ಲರಿಗೂ ರೂಢಿಯಾಗಿತ್ತು.

ನಡುವೆ ಒಂದು ಕೇಸೂ ನಡೆಯಿತು. 1932ರ ಜುಲೈ 20ರಂದು ಚಾನ್ಸೆಲರ್ ಪಾಪೆನ್ ಇದೇ 48ನೇ ಕಲಂ ಬಳಸಿ ಪ್ರಷ್ಯಾ ರಾಜ್ಯದ ಸರ್ಕಾರವನ್ನೇ ತೆಗೆದುಹಾಕಿದ. ಪ್ರಷ್ಯಾ ಅಂದರೆ ಸಣ್ಣ ರಾಜ್ಯವಲ್ಲ, ದೇಶದ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಇದ್ದರು. ಪ್ರಷ್ಯಾದವರು ಬೀದಿಗಿಳಿಯಲಿಲ್ಲ, ಲೈಪ್‌ಜಿಗ್ ನ್ಯಾಯಾಲಯಕ್ಕೆ ಹೋದರು. ಕೇಂದ್ರದ ಪರ ವಾದ ಮಾಡಿದವರಲ್ಲಿ ಹೆಸರಾಂತ ಕಾನೂನು ಪಂಡಿತ ಕಾರ್ಲ್ ಶ್ಮಿಟ್ ಇದ್ದ. ಅಕ್ಟೋಬರ್ 25ರಂದು ತೀರ್ಪು ಬಂತು. ನಮ್ಮ ಕೋರ್ಟುಗಳಲ್ಲೂ ನೋಡುತ್ತೇವಲ್ಲ, ಇಬ್ಬರೂ ಗೆದ್ದೆವು ಅಂತ ಹೇಳಿಕೊಳ್ಳಬಹುದಾದ ಆ ಥರದ ತೀರ್ಪು. ಮಂತ್ರಿಗಳು ಕಾನೂನಿನ ಲೆಕ್ಕದಲ್ಲಿ ಮಂತ್ರಿಗಳಾಗಿಯೇ ಉಳಿದರು, ಆಡಳಿತ ಮಾತ್ರ ಕೇಂದ್ರದ ಕಮಿಷನರ್ ಕೈಯಲ್ಲೇ ಉಳಿಯಿತು. ಪೊಲೀಸ್ ಇಲಾಖೆಯೂ ಅದರಲ್ಲೇ ಸೇರಿತ್ತು.

1933ರ ಜನವರಿ 30ರಂದು ಹಿಟ್ಲರ್ ಚಾನ್ಸೆಲರ್ ಆದ. ಅವನನ್ನೂ ಸೇರಿಸಿ ಸಂಪುಟದಲ್ಲಿ ನಾಜಿಗಳು ಮೂವರೇ. ಮಿಕ್ಕವರು ಅವನನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ ಅಂದುಕೊಂಡ ಹಳೇ ಸಂಪ್ರದಾಯಸ್ಥರು. ಆದರೆ ಆ ಮೂವರಲ್ಲಿ ಒಬ್ಬನಾದ ಗೋರಿಂಗ್‌ಗೆ ಪ್ರಷ್ಯಾದ ಗೃಹ ಖಾತೆ ಸಿಕ್ಕಿತು. ಪಾಪೆನ್ ಕಿತ್ತುಕೊಂಡಿದ್ದ ಪೊಲೀಸ್ ಇಲಾಖೆ ಹಾಗೇ ಅವನ ಕೈಗೆ ಬಂತು. ಫೆಬ್ರವರಿಯಲ್ಲಿ ಅವನು ಪಕ್ಷದ ಮತ್ತು ಅದರ ಮಿತ್ರರ ಹೊಡೆದಾಟದ ಪಡೆಗಳಿಂದ ಸುಮಾರು 50,000 ಮಂದಿಯನ್ನು ಸಹಾಯಕ ಪೊಲೀಸ್ ಅಂತ ಸೇರಿಸಿಕೊಂಡ.

ಫೆಬ್ರವರಿ 27ರ ರಾತ್ರಿ ರೈಖ್‌ಸ್ಟಾಗ್ ಕಟ್ಟಡಕ್ಕೆ ಬೆಂಕಿ ಬಿತ್ತು. ಒಳಗೆ ಸಿಕ್ಕಿಬಿದ್ದವನು ಮಾರಿನಸ್ ಫಾನ್ ಡೆರ್ ಲುಬ್ಬೆ, ಹಾಲೆಂಡಿನ 24 ವರ್ಷದ ಹುಡುಗ. ಮರುದಿನವೇ 48ನೇ ಕಲಂ ಅಡಿ ಒಂದು ಆದೇಶ ಹೊರಬಿತ್ತು. ಆರೇ ಕಲಂ, ಪುಟ್ಟ ಆದೇಶ. ವ್ಯಕ್ತಿ ಸ್ವಾತಂತ್ರ್ಯ, ಮನೆ ಶೋಧದಿಂದ ರಕ್ಷಣೆ, ಅಂಚೆ ಮತ್ತು ಫೋನಿನ ಗುಟ್ಟು, ಮಾತು, ಪತ್ರಿಕೆ, ಸಭೆ, ಸಂಘ, ಆಸ್ತಿ, ಎಲ್ಲ ಹಕ್ಕುಗಳೂ ‘ಮುಂದಿನ ಆದೇಶದವರೆಗೆ’ ಅಮಾನತು. ಆ ಮುಂದಿನ ಆದೇಶ ನಾಜಿ ಆಡಳಿತ ಮುಗಿಯುವವರೆಗೂ ಬರಲಿಲ್ಲ.

ನಾವು ಬಂಧನದ ಆದೇಶ ಕೈಗೆ ಬಂದಾಗ ಮೊದಲು ಹುಡುಕುವುದು ಏನಿದೆ ಅಂತ ಅಲ್ಲ, ಏನಿಲ್ಲ ಅಂತ. ಈ ಆದೇಶವನ್ನು ಹಾಗೆ ಓದಿ ನೋಡಿ. ಹಿಡಿದವನನ್ನು ಎಷ್ಟು ದಿನದೊಳಗೆ ಜಡ್ಜ್ ಮುಂದೆ ತರಬೇಕು? ಇಲ್ಲ. ಎಷ್ಟು ದಿನ ಇಟ್ಟುಕೊಳ್ಳಬಹುದು? ಇಲ್ಲ. ಅವನು ಎಲ್ಲಿ ಅರ್ಜಿ ಹಾಕಬೇಕು? ಅದೂ ಇಲ್ಲ. ಮಾರ್ಚ್ 22ಕ್ಕೆ ಮ್ಯೂನಿಕ್ ಹತ್ತಿರ ಡಖಾವ್ ಯಾತನಾ ಶಿಬಿರ ತೆರೆಯಿತು. ಅಲ್ಲಿಗೆ ಕಳಿಸಲು ಎಫ್‌ಐಆರ್, ಚಾರ್ಜ್‌ಶೀಟ್, ವಿಚಾರಣೆ ಏನೂ ಬೇಕಾಗಿರಲಿಲ್ಲ. ಈ ಒಂದು ಆದೇಶ ಸಾಕಿತ್ತು.

ಲುಬ್ಬೆಯ ಕೇಸು ಇನ್ನೂ ವಿಚಿತ್ರ. ಬೆಂಕಿ ಬಿದ್ದ ದಿನ ಆ ಅಪರಾಧಕ್ಕೆ ಮರಣದಂಡನೆ ಇರಲಿಲ್ಲ. ಮಾರ್ಚ್ 29ರಂದು ಒಂದು ಕಾಯ್ದೆ ಮಾಡಿ, ಜನವರಿ 31ರಿಂದ ನಡೆದ ಕೃತ್ಯಗಳಿಗೂ ಮರಣದಂಡನೆ ಅನ್ವಯ ಅಂದರು. 1934ರ ಜನವರಿಯಲ್ಲಿ ಅವನ ತಲೆ ಕತ್ತರಿಸಿದರು. ಜೊತೆಗಿದ್ದ ನಾಲ್ವರು ಕಮ್ಯುನಿಸ್ಟ್ ಆರೋಪಿಗಳನ್ನು ಕೋರ್ಟ್ ಸಾಕ್ಷ್ಯ ಇಲ್ಲ ಅಂತ ಬಿಟ್ಟಿತ್ತು. ಆ ಸಿಟ್ಟಿಗೆ ಕೆಲವೇ ತಿಂಗಳಲ್ಲಿ ರಾಜದ್ರೋಹದ ಕೇಸುಗಳಿಗೆ ಬೇರೆಯೇ ಒಂದು ನ್ಯಾಯಾಲಯ ಹುಟ್ಟಿಕೊಂಡಿತು. ಲುಬ್ಬೆಯ ತೀರ್ಪನ್ನು ಜರ್ಮನಿ ಅನೂರ್ಜಿತ ಅಂತ ಪ್ರಕಟಿಸಿದ್ದು 2008ರಲ್ಲಿ.

ಇನ್ನು ಎಲ್ಲರೂ ಹೇಳುವ ಅಧಿಕಾರ ನೀಡಿಕೆ ಕಾಯ್ದೆ, ಅಂದರೆ ಸಂಸತ್ತನ್ನು ಕೇಳದೆಯೇ ಸರ್ಕಾರ ಕಾನೂನು ಮಾಡಬಹುದು ಅಂದ ಕಾಯ್ದೆ. ಸಂವಿಧಾನ ಬದಲಿಸುವ ಕಾಯ್ದೆಗೆ ಮೂರನೇ ಎರಡರಷ್ಟು ಸದಸ್ಯರು ಹಾಜರಿರಬೇಕಿತ್ತು. ವಿರೋಧಿಗಳು ಬರದೇ ಹೋದರೆ ಕೋರಂ ಇಲ್ಲ. ಅದಕ್ಕೆ ಸದನದ ನಿಯಮಕ್ಕೇ ತಿದ್ದುಪಡಿ ತಂದರು: ಒಪ್ಪಿಗೆ ಇಲ್ಲದೆ ಗೈರಾದವರು ಹಾಜರು ಅಂತಲೇ ಲೆಕ್ಕ. ಗೆದ್ದಿದ್ದ 81 ಕಮ್ಯುನಿಸ್ಟರನ್ನು ಒಳಗೇ ಬಿಡಲಿಲ್ಲ. 1933ರ ಮಾರ್ಚ್ 23ರಂದು ಕ್ರೋಲ್ ಒಪೆರಾ ಹೌಸಿನಲ್ಲಿ, ಸಮವಸ್ತ್ರದ ಪಡೆಯವರು ಸುತ್ತ ನಿಂತಿದ್ದಾಗ, ಮತದಾನ ನಡೆಯಿತು. ಪರ 444, ವಿರೋಧ 94. ಆ 94 ಮಂದಿಯೂ ಸೋಷಿಯಲ್ ಡೆಮಾಕ್ರಟರು. ಗೆದ್ದಿದ್ದ 120 ಮಂದಿಯಲ್ಲಿ ಅಲ್ಲಿಗೆ ಬರಲು ಆದದ್ದು ಅಷ್ಟು ಜನರಿಗೆ. ಅವರ ನಾಯಕ ಓಟ್ಟೋ ವೆಲ್ಸ್ ಒಬ್ಬರೇ ಎದ್ದು ವಿರೋಧಿಸಿ ಮಾತಾಡಿದರು. ಕ್ಯಾಥೊಲಿಕರ ಸೆಂಟರ್ ಪಕ್ಷ ಹಿಟ್ಲರ್ ಒಂದು ಭರವಸೆ ಪತ್ರ ಬರೆದುಕೊಡುತ್ತಾನೆ ಅಂತ ನಂಬಿ ಪರವಾಗಿ ಮತ ಹಾಕಿತು. ಪತ್ರ ಬರಲೇ ಇಲ್ಲ. ಬರವಣಿಗೆಯಲ್ಲಿ ಕೈಗೆ ಬರುವ ಮೊದಲು ಸಹಿ ಹಾಕಬೇಡಿ ಅಂತ ನಾವು ಕಕ್ಷಿದಾರರಿಗೆ ದಿನಾ ಹೇಳುತ್ತೇವೆ.

ಆ ಕಾಯ್ದೆಗೆ ನಾಲ್ಕು ವರ್ಷದ ಅವಧಿ ಇತ್ತು. ಅದನ್ನು 1937, 1939, 1943ರಲ್ಲಿ ವಿಸ್ತರಿಸುತ್ತಾ ಹೋದರು. ಅಷ್ಟೊಂದು ಕಾಗದದ ಮರ್ಯಾದೆ! 1934ರ ಜೂನ್ 30ರಿಂದ ಹಿಟ್ಲರ್ ತನ್ನವರನ್ನೇ ಕೊಲ್ಲಿಸಿದಾಗಲೂ ಅಷ್ಟೇ. ಜುಲೈ 3ರಂದು ಒಂದೇ ವಾಕ್ಯದ ಕಾಯ್ದೆ ಬಂತು: ಆ ದಿನಗಳಲ್ಲಿ ಕೈಗೊಂಡ ಕ್ರಮಗಳು ದೇಶದ ಆತ್ಮರಕ್ಷಣೆಗಾಗಿ ಇದ್ದವು, ಆದ್ದರಿಂದ ಕಾನೂನುಬದ್ಧ. ಅದನ್ನು ಸಮರ್ಥಿಸಿ ಲೇಖನ ಬರೆದವನೂ ಅದೇ ಕಾರ್ಲ್ ಶ್ಮಿಟ್. ನಮ್ಮ ವೃತ್ತಿಯವರು ಈ ಕಥೆಯಲ್ಲಿ ಸುಮ್ನೆ ನೋಡುತ್ತಾ ನಿಂತವರಷ್ಟೇ ಅಲ್ಲ.

ಜರ್ಮನಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಇಟಲಿಯಲ್ಲಿ 1923ರ ಚುನಾವಣಾ ಕಾಯ್ದೆ, ಕಾಲು ಭಾಗ ಮತ ಪಡೆದು ಮೊದಲ ಸ್ಥಾನಕ್ಕೆ ಬಂದ ಪಟ್ಟಿಗೆ ಮೂರನೇ ಎರಡರಷ್ಟು ಸ್ಥಾನ ಕೊಟ್ಟಿತು. ಅದನ್ನು ಪಾಸು ಮಾಡಿದ್ದು ಮುಸೊಲಿನಿಯ ಪಕ್ಷಕ್ಕೆ ಬಹುಮತ ಇಲ್ಲದ ಸಂಸತ್ತೇ. ಆಸ್ಟ್ರಿಯಾದಲ್ಲಿ 1933ರ ಮಾರ್ಚ್ 4ರಂದು ಮತ ಎಣಿಕೆಯ ಜಗಳದಲ್ಲಿ ಸದನದ ಮೂವರು ಸಭಾಪತಿಗಳೂ ರಾಜೀನಾಮೆ ಕೊಟ್ಟರು. ಸಂಸತ್ತು ತಾನಾಗೇ ಮುಗಿಯಿತು ಅಂತ ಚಾನ್ಸೆಲರ್ ಡಾಲ್‌ಫುಸ್ ಹೇಳಿಬಿಟ್ಟ. ಆಮೇಲೆ ಅವನು ಆಡಳಿತ ನಡೆಸಿದ್ದು 1917ರಲ್ಲಿ, ಯುದ್ಧದ ಕಾಲದ ಆರ್ಥಿಕ ತೊಂದರೆಗೆ ಅಂತ ಮಾಡಿದ್ದ ಒಂದು ಕಾಯ್ದೆಯಡಿ. ಆ ಕಾಯ್ದೆ ಅಲ್ಲಿಯವರೆಗೂ ರದ್ದಾಗಿರಲೇ ಇಲ್ಲ.

ಇದು ನಮ್ಮ ಸಂವಿಧಾನ ಸಭೆಗೂ ಗೊತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ 1949ರ ಆಗಸ್ಟ್‌ನಲ್ಲಿ ತುರ್ತು ಪರಿಸ್ಥಿತಿಯ ಕಲಂಗಳ ಚರ್ಚೆಯಾಗುವಾಗ ವೈಮರ್ ಸಂವಿಧಾನದ ಉದಾಹರಣೆ ಕೊಟ್ಟೇ ವಿರೋಧಿಸಿದ್ದರು. ಕಲಂಗಳು ಪಾಸಾದವು. 1975ರಲ್ಲಿ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದ ವಾಜಪೇಯಿ, ಅಡ್ವಾಣಿ ಅವರು ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿ ಇರುವಾಗ ಬಂಧಿತರು ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಅಂತ ಕೋರ್ಟ್ ನೋಡಬೇಕು ಅನ್ನುವ ಅರ್ಜಿ) ಕೇಳುವಂತಿಲ್ಲ ಅಂದಿತು. ಐವರಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. 1978ರ 44ನೇ ತಿದ್ದುಪಡಿಯ ನಂತರ 20ನೇ ಕಲಂ ಮತ್ತು ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ಕಲಂಗಳನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ. ಕೃತ್ಯ ನಡೆದ ಮೇಲೆ ಶಿಕ್ಷೆ ಹೆಚ್ಚಿಸುವುದನ್ನು ತಡೆಯುವುದು ಆ 20ನೇ ಕಲಂ. ಲುಬ್ಬೆಗೆ ಮಾಡಿದ್ದನ್ನು ಇಲ್ಲಿ ಮಾಡಲಾಗದು.

ತುರ್ತು ಪರಿಸ್ಥಿತಿಗೆ ಬ್ರೇಕ್ ಇದೆ. ಬ್ರೂನಿಂಗ್ ಕಾಲದ ರೂಢಿಯ ಕಥೆ ಬೇರೆ, ಅದಕ್ಕೆ ತುರ್ತು ಪರಿಸ್ಥಿತಿಯೇ ಬೇಕಾಗಿಲ್ಲ. ಬಿಹಾರದಲ್ಲಿ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳು ಬಂದಿದ್ದವು. ಅವನ್ನು ಶಾಸನಸಭೆಯಲ್ಲಿ ಕಾಯ್ದೆ ಮಾಡದೆ ಮತ್ತೆ ಮತ್ತೆ ಹೊರಡಿಸಿ, ಕೆಲವನ್ನು 14 ವರ್ಷದವರೆಗೆ ಜೀವಂತ ಇಟ್ಟಿದ್ದರು. ಡಿ.ಸಿ. ವಾಧ್ವಾ ಅನ್ನುವ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಲೆಕ್ಕ ಹಾಕಿ ಕೋರ್ಟಿಗೆ ಹೋದರು. ಇದು ಸಂವಿಧಾನಕ್ಕೆ ಮಾಡುವ ಮೋಸ ಅಂತ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. 2017ರಲ್ಲಿ ಏಳು ಜನ ಜಡ್ಜುಗಳ ಪೀಠ ಅದನ್ನೇ ಮತ್ತೆ ಹೇಳಬೇಕಾಯಿತು. ಅದೂ ಬಿಹಾರದ್ದೇ ಕೇಸು.